ಹಿಪ್ಪೆಕೊಪ್ಪಲಿನ ಧನ್ಯವಾದ

ಕೃತಜ್ಞತೆಯು ಪ್ರತಿಯೊಬ್ಬ ಪ್ರಯಾಣಿಕನ ಆದ್ಯ ಕರ್ತವ್ಯವೆಂದೂ, ಅದನ್ನು ಸ್ವಂತ ಕೈಬರಹದಲ್ಲಿ, ದುಂಡಾದ ಅಕ್ಷರಗಳಲ್ಲಿ ಸಲ್ಲಿಸತಕ್ಕದ್ದೆಂದೂ ಹಾಸನದ ಸಾರಿಗೆ ಸಂಸ್ಥೆಯ ಪ್ರಯಾಣಿಕ ಸಂತೃಪ್ತಿ ಘಟಕವು ಸುತ್ತೋಲೆ ಹೊರಡಿಸಿದ ವರ್ಷವೇ ಬೈರಯ್ಯನ ಮಗಳು ಶೋಭಿತಾ ಹೊಳೆನರಸೀಪುರದ ಕಾಲೇಜಿಗೆ ಸೇರಿದ್ದು.

ಅವರ ಊರು ಹಿಪ್ಪೆಕೊಪ್ಪಲು ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಮೇಲೇ ಇದೆ. ಬೆಳಗಿನ ಬಸ್ಸು ದಿನವೂ ಊರ ಮುಂದೆಯೇ ಹೋಗುತ್ತದೆ. ನಿಲ್ಲುವುದಿಲ್ಲ ಅನ್ನುವುದೊಂದೇ ಕೊರತೆ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ಇನ್ನೂ ಜೋರಾಗಿ ಹೋಗುತ್ತಿದೆ ಎಂದು ಬೈರಯ್ಯನ ಹೆಂಡತಿ ಹೊನ್ನಕ್ಕ ಹೇಳುತ್ತಾಳಾದರೂ ಅದಕ್ಕೆ ದಾಖಲೆಯಿಲ್ಲ. ಶೋಭಿತಾ ನಡೆದು ನಡೆದು ಕಾಲೇಜು ಮುಟ್ಟುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಹಾಜರಾತಿ ಹೀಗೇ ಆದರೆ ಪರೀಕ್ಷೆಗೆ ಕೂರಿಸಲಾಗದು ಎಂದು ಕಾಲೇಜಿನ ಪ್ರತಿಭಾ ಮೇಡಂ ಹೇಳಿ ಕಳಿಸಿದರು.

ಬೈರಯ್ಯ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವವನು. ಕೂಲಿ ಬಿಟ್ಟು ಹಾಸನಕ್ಕೆ ಹೋದ. ಘಟಕದ ಅಧಿಕಾರಿ ಸುದರ್ಶನ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಿದರು.

“ಬಸ್ ನಿಲ್ಸಿ ಸಾ. ಮಗೀಗೆ ಪರೀಕ್ಷೆ ತಪ್ಪೋಯ್ತದೆ.”

“ನಿಲ್ಲಿಸೋಣ. ಧನ್ಯವಾದ ತಂದಿದ್ದೀರಾ?”

“ನಿಲ್ಸಿದ್ ಮ್ಯಾಕೆ ಏಳ್ತೀವಲ್ಲ ಸಾ.”

“ಕೆಲಸ ಆದ ಮೇಲೆ ಹೇಳೋದು ವ್ಯಾಪಾರ ಬೈರಯ್ಯ. ಮುಂಚೆ ಹೇಳೋದು ಕೃತಜ್ಞತೆ. ಊರಿನವರೆಲ್ಲ ಒಂದೊಂದು ಪತ್ರ ಬರೀರಿ. ಮನಸ್ಸು ಎಷ್ಟು ಹಗುರ ಆಗುತ್ತೆ ನೋಡಿ.”

ಬೈರಯ್ಯನಿಗೆ ಮನಸ್ಸು ಇದ್ದಷ್ಟೇ ಭಾರ ಇದ್ದರೂ ನಡೆಯುತ್ತಿತ್ತು, ಬಸ್ಸು ನಿಂತರೆ ಸಾಕಿತ್ತು. ಆದರೂ ಒಪ್ಪಿಕೊಂಡು ಬಂದ.

ಊರಲ್ಲಿ ಶೋಭಿತಾಳ ಅಕ್ಷರ ಅಂದರೆ ಅಕ್ಷರ. ಡೈರಿಯ ಬೋರ್ಡಿನಿಂದ ಹಿಡಿದು ಮದುವೆ ಕಾಗದದ ಮೇಲಿನ ವಿಳಾಸದವರೆಗೆ ಎಲ್ಲವೂ ಅವಳದೇ ಕೈ. ಎಲ್ಲರ ಪತ್ರವನ್ನೂ ಅವಳೇ ಬರೆದಳು. ಹಿಪ್ಪೆಕೊಪ್ಪಲಿನಲ್ಲಿ ದೊಡ್ಡವರನ್ನು ಏನಾದರೂ ಬೇಡುವಾಗ ಅವರು ಆಗಲೇ ಕೊಟ್ಟುಬಿಟ್ಟರು ಎಂಬಂತೆ ಮಾತಾಡುವುದು ಮರ್ಯಾದೆ. ಹಾಗಾಗಿ ಪಕ್ಕದ ಮನೆಯ ಚಿಕ್ಕಯ್ಯ, “ಬಸ್ ನಿಲ್ಸುದ್ರಿ, ನಮ್ ಕಾಲು ಉಳುಸುದ್ರಿ ಅಂತ ಬರಿಯವ್ವ” ಅಂದ. ಹೊನ್ನಕ್ಕ, “ನಿಲ್ಸಿದ ಡ್ರೈವರಪ್ಪನ ಮಕ್ಳು ಚೆಂದಾಗಿರ್ಲಿ ಅಂತ ಸೇರ್ಸು” ಅಂದಳು. ಹುಡುಗಿ ಮುತ್ತು ಪೋಣಿಸಿದ ಹಾಗೆ ಬರೆದುಕೊಟ್ಟಳು.

ಘಟಕದ ಉತ್ತರ ಬೇಗನೆ ಬಂತು. “ಸದರಿ ಗ್ರಾಮದಲ್ಲಿ ಬಸ್ಸು ನಿಲ್ಲುತ್ತಿರುವುದು ಗ್ರಾಮಸ್ಥರ ಪತ್ರಗಳಿಂದಲೇ ದೃಢಪಟ್ಟಿರುತ್ತದೆ. ಅಕ್ಷರ ಅತ್ಯಂತ ಸ್ಫುಟವಾಗಿರುವುದರಿಂದ ಅನುಮಾನಕ್ಕೆ ಎಡೆಯಿಲ್ಲ. ಆದ್ದರಿಂದ ಹೊಸದಾಗಿ ನಿಲ್ಲಿಸುವ ಪ್ರಶ್ನೆ ಉದ್ಭವಿಸುವುದಿಲ್ಲ. ಗ್ರಾಮವನ್ನು ಕೃತಜ್ಞ ಗ್ರಾಮವೆಂದು ಘೋಷಿಸಿ, ರಸ್ತೆ ಬದಿಗೆ ಧನ್ಯವಾದ ಪೆಟ್ಟಿಗೆಯನ್ನು ಮಂಜೂರು ಮಾಡಲಾಗಿದೆ. ಪತ್ರಗಳನ್ನು ಬೆಳಗಿನ ಬಸ್ಸು ಒಯ್ಯತಕ್ಕದ್ದು.”

ಹಳದಿ ಪೆಟ್ಟಿಗೆ ಬಂತು. ಮಾರನೆಯ ಬೆಳಗ್ಗೆ ಬಸ್ಸು ನಿಂತೇಬಿಟ್ಟಿತು. ಕಂಡಕ್ಟರ್ ದೇವರಾಜ್ ಇಳಿದು ಪೆಟ್ಟಿಗೆ ಖಾಲಿ ಮಾಡುವಾಗ ಶೋಭಿತಾ ಮೆಟ್ಟಿಲ ಮೇಲೆ ಕಾಲಿಟ್ಟಳು.

“ಇಳಿಯವ್ವ. ಇದು ಪತ್ರ ಹತ್ತೋಕೆ ನಿಲ್ಸಿರೋದು, ಜನ ಹತ್ತೋಕಲ್ಲ.”

“ಬಸ್ ನಿಂತೈತಲ್ಲಣ್ಣ.”

“ನಿಂತೈತೆ. ಆದ್ರೆ ಇದು ಸ್ಟಾಪಲ್ಲ.”

ದೇವರಾಜ್ ಕೆಟ್ಟವನಲ್ಲ, ಅವನಿಗೂ ಮಗಳಿದ್ದಾಳೆ. ಜೇಬಿನಿಂದ ಸುತ್ತೋಲೆ ತೆಗೆದು, ಏನಾದರೂ ದಾರಿ ಉಂಟೇ ಎಂದು ಗಟ್ಟಿಯಾಗಿಯೇ ಓದಿದ: “ಕೈಬರಹದ ಧನ್ಯವಾದವು ಯಾವುದರ ಮೇಲೆ ಬರೆದಿದ್ದರೂ ನಿರ್ವಾಹಕರು ಅದನ್ನು ನಿರಾಕರಿಸತಕ್ಕದ್ದಲ್ಲ.”

ಮಗಳನ್ನು ಹತ್ತಿಸಲು ಬಂದಿದ್ದ ಬೈರಯ್ಯ ಅವಳ ಬ್ಯಾಗಿನಿಂದ ಪೆನ್ನು ತೆಗೆದುಕೊಟ್ಟ. “ಎಡಗೈ ಮ್ಯಾಲೆ ಬರ್ಕೊ ಕಣವ್ವ.”

ಹುಡುಗಿ ಗಡಗಡ ಅನ್ನುತ್ತಿದ್ದ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಅಂಗೈಯಲ್ಲಿ ‘ಧನ್ಯವಾದ’ ಎಂದು ಬರೆದುಕೊಂಡಳು. ದೇವರಾಜ್ ಎರಡು ಸಲ ಓದಿ, ನಿಯಮದ ಪ್ರಕಾರ ಸರಿಯಾಗಿದೆಯೆಂದು ಅವಳನ್ನು ಪತ್ರಗಳ ಚೀಲದ ಪಕ್ಕ ಕೂರಿಸಿದ. ಕಾಲೇಜಿನ ಬ್ಯಾಗು ಲಗತ್ತು ಎಂದು ನಮೂದಾಯಿತು.

ಹೊಳೆನರಸೀಪುರ ಬಸ್ ನಿಲ್ದಾಣದ ಧನ್ಯವಾದ ಕೌಂಟರಿನಲ್ಲಿ ಅವಳ ಕೈಗೆ ಸ್ವೀಕೃತಿ ಮೊಹರು ಬಿತ್ತು. ಪರಿಶೀಲನೆ ಸಂಜೆಗೆ ಇದ್ದುದರಿಂದ ನಡುವೆ ಕಾಲೇಜಿಗೆ ಹೋಗಿಬಂದಳು. ಒಪ್ಪಿತವಾದ ಧನ್ಯವಾದಗಳನ್ನು ಹಾಸನದ ದಾಖಲೆ ಕೊಠಡಿಗೆ ಕಳಿಸಿ ಶಾಶ್ವತವಾಗಿ ಇಡುವುದು ಪದ್ಧತಿ. ಪುಣ್ಯಕ್ಕೆ ಅವಳ ‘ವಾ’ ಸೊಟ್ಟಗಿತ್ತು. “ಅಕ್ಷರ ದುಂಡಾಗಿಲ್ಲ. ತಿದ್ದಿ ಮರುಸಲ್ಲಿಸುವುದು” ಎಂಬ ಷರಾದೊಂದಿಗೆ ಸಂಜೆಯ ಬಸ್ಸಿನಲ್ಲಿ ಹಿಂತಿರುಗಿಸಿದರು. ಮಾರನೆಯ ದಿನ ಅವಳನ್ನು ಮರುಸಲ್ಲಿಸಲಾಯಿತು. ಅದರ ಮಾರನೆಯ ದಿನವೂ ಸಲ್ಲಿಸಲಾಯಿತು. ಊರಿನವರು “ಬೈರಯ್ಯನ ಮಗಳು ವಾಪಸ್ ಬಂದ್ಲಾ?” ಎಂದು ಕೇಳುವುದನ್ನು ಬಿಟ್ಟು “ಏನ್ ತಪ್ಪು ಇಡುದ್ರಂತೆ?” ಎಂದು ಕೇಳತೊಡಗಿದರು.

ಪರೀಕ್ಷೆ ಹತ್ತಿರ ಬಂದಾಗ ಪ್ರತಿಭಾ ಮೇಡಂ ಬೈರಯ್ಯನನ್ನು ಕರೆಸಿದರು.

“ಹಾಜರಾತಿ ಸರಿಯಾಗಿದೆ, ಪರೀಕ್ಷೆಗೆ ಕೂರಬಹುದು,” ಅಂದರು ಮೇಡಂ. “ಆದರೆ ಎಷ್ಟು ಚೆಂದ ಬರೀತಿದ್ದಳು, ಈಗ ನೋಟ್ಸ್ ಎಲ್ಲ ಸೊಟ್ಟ. ನಾನೇ ಕೂತು ತಿದ್ದಿಸ್ತೀನಿ.”

“ಬ್ಯಾಡಿ ಮೇಡಂ.” ಬೈರಯ್ಯ ಕೈ ಮುಗಿದ. “ಅಕ್ಸರ ದುಂಡಾಗೋದ್ರೆ ಸಂಜೆ ಮನೀಗ್ ಬರಾಕಿಲ್ಲ. ಆಸನದ ದಾಖ್ಲೆ ಕೊಠಡೀಲೇ ಮಡೀಕಂಬುಡ್ತಾರೆ.”

ಮೇಡಂ ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಿಂದ ದಿನವೂ ಓಡಾಡುವವರು. ಎದ್ದು ಬಾಗಿಲು ಮುಂದೆ ಮಾಡಿ, ಎಡ ಅಂಗೈ ಬಿಚ್ಚಿ ತೋರಿಸಿದರು. ಮೊಹರಿನ ಮೇಲೆ ಮೊಹರು ಬಿದ್ದು ಅಂಗೈ ನೀಲಿಗಟ್ಟಿತ್ತು.

“ಅವಳದು ಯಾವ ಅಕ್ಷರ ಸೊಟ್ಟ?”

“ವಾ, ಮೇಡಂ.”

“ವಾ ನಂಬೋಕಾಗಲ್ಲ ಬೈರಯ್ಯ. ಬರೀತಾ ಬರೀತಾ ತಾನಾಗೇ ದುಂಡಾಗಿಬಿಡುತ್ತೆ. ‘ಧ’ ಕೆಡಿಸಿಕೊಳ್ಳೋಕೆ ಹೇಳಿ. ನಾನು ಅದರಲ್ಲೇ ದಿನಾ ಮನೆ ಸೇರ್ತಿದ್ದೀನಿ.”

ಬೈರಯ್ಯ ಉಪಕಾರ ಆಯ್ತು ಅನ್ನಲು ಬಾಯಿ ತೆರೆದ. ಮೇಡಂ ಪೆನ್ನು ಮುಂದಕ್ಕೆ ಚಾಚಿದರು.