ಉತ್ತರ ಬರುವ ತನಕ ಕುಳಿತಿದ್ದವರ ಕುರಿತು

ಸಂಖ್ಯೆ: ಸಂದೇಶ/ಕಾಯು/7

ವಿಷಯ: ಕೇಳಿ-ಕಾಯುವ ಕರೆಗಳಿಂದ ಸಿಬ್ಬಂದಿ ಕುಳಿತಲ್ಲೇ ಕುಳಿತಿರುವ ಬಗ್ಗೆ.

ಉಲ್ಲೇಖ: ಲಿಫ್ಟಿನೊಳಗಿಂದ ಸ್ವೀಕೃತವಾದ ಮೌಖಿಕ ಮನವಿ (ಬಾಗಿಲು ಬಡಿದದ್ದೂ ಸೇರಿ).

ಕಚೇರಿಯ ಹೊಸ ಸಂದೇಶ ತಂತ್ರಾಂಶದಲ್ಲಿ ಪ್ರಶ್ನೆ (ತಂತ್ರಾಂಶದ ಮಾತಿನಲ್ಲಿ 'ಕರೆ') ಕಳುಹಿಸಿದವರ ಪರದೆ ಉತ್ತರ ಬರುವ ತನಕ ಮಿಸುಕುವುದಿಲ್ಲ. ಬೇರೆಯವರ ಸಂದೇಶವನ್ನೂ ತೋರಿಸುವುದಿಲ್ಲ. ಎಷ್ಟು ಹೊತ್ತು ಕಾಯಬೇಕೆಂಬ ಮಿತಿಯನ್ನು ತಂತ್ರಾಂಶ ಅಧಿಕಾರಿಗಳು ಇಟ್ಟಿರಲಿಲ್ಲ. "ಉತ್ತರ ಬಂದೇ ಬರುತ್ತೆ ಬಿಡಿ" ಎಂದು ಅವರು ಹೇಳಿದ್ದು ನಡಾವಳಿಯಲ್ಲಿದೆ.

ಕಳೆದ ಮಂಗಳವಾರ ಬೆಳಿಗ್ಗೆ ಸದರಿ ಅಧಿಕಾರಿಗಳೇ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಸದ್ದು ಕೇಳಿದ ದಾಖಲೆ ಕೋಣೆಯ ಗುಮಾಸ್ತೆ (ಎಲ್ಲರ ಬಾಯಲ್ಲಿ 'ಕಡತದಕ್ಕ') ಪಕ್ಕದ ಉಗ್ರಾಣಕ್ಕೆ "ಲಿಫ್ಟಿನ ಕೀಲಿ ಕೊಡಿ" ಎಂದು ಸಂದೇಶ ಕಳುಹಿಸಿ ಕಾದರು. ಅದೇ ಗಳಿಗೆಯಲ್ಲಿ, ಅದೇ ಸದ್ದು ಕೇಳಿದ್ದ ಉಗ್ರಾಣದವರು "ಲಿಫ್ಟಿನ ಕೀಲಿ ಯಾವ ಕಪಾಟಿನಲ್ಲಿದೆ, ದಾಖಲೆ ನೋಡಿ ತಿಳಿಸಿ" ಎಂದು ಅವರಿಗೇ ಕಳುಹಿಸಿ ಕಾದರು. ಇಬ್ಬರ ನಡುವೆ ಇದ್ದದ್ದು ಒಂದು ಗೋಡೆ. ಹೀಗೆ ಎರಡು ಗಂಟೆ ಕಳೆಯಿತು.

ಅಕ್ಕನಿಗೆ ಏಳಬೇಕೆನಿಸದೆ ಇರಲಿಲ್ಲ. ಆದರೆ ಹಿಂದಿನ ವಾರ ಕರೆಯ ನಡುವೆ ನೀರು ಕುಡಿಯಲು ಎದ್ದದ್ದಕ್ಕೆ ಇದೇ ಅಧಿಕಾರಿಗಳಿಂದ ಮೆಮೊ ಬಂದು ಬಿಸಿ ಮುಟ್ಟಿತ್ತು. ಕೊನೆಗೆ ಲಿಫ್ಟಿನ ಬಡಿತ ನಿಂತುಹೋಯಿತು. "ಇನ್ನೊಂದು ಮೆಮೊ ಬಂದ್ರೆ ಬರಲಿ ಅಂದ್ಕೊಂಡೆ" ಎಂದು ಅವರ ಹೇಳಿಕೆಯಲ್ಲಿದೆ. ಎದ್ದವರೇ ಗೋಡೆ ಗುದ್ದಿದರು.

"ಅಣ್ಣಾ, ಲಿಫ್ಟಿನ ಕೀಲಿ."

"ಎಲ್ಲಿದೆ ಅಂತ ನಿಮ್ಮನ್ನೇ ಕೇಳಿ ಕೂತಿದೀನಲ್ಲಕ್ಕಾ."

"ಮೂರನೇ ಕಪಾಟು. ಓಡಿ."

ನಾಲ್ಕು ನಿಮಿಷದಲ್ಲಿ ಬಾಗಿಲು ತೆರೆಯಿತು. ಅಧಿಕಾರಿಗಳು ಶೂಗಳನ್ನು ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದರು. ಅಕ್ಕ ಅಲ್ಲೇ ನಿಂತು, ಮೊದಲು ಅತ್ತು ಆಮೇಲೆ ನಕ್ಕರು.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಯಾವ ಕರೆಯೂ ಐದು ನಿಮಿಷ ಮೀರಿ ಕಾಯತಕ್ಕದ್ದಲ್ಲ. ತಡವಾಗಿ ಬಂದ ಉತ್ತರವನ್ನು ಗೌರವಪೂರ್ವಕವಾಗಿ ಹೊಸ್ತಿಲಲ್ಲೇ ನಿಲ್ಲಿಸತಕ್ಕದ್ದು.

2. ಪರಸ್ಪರ ಕಾಯುತ್ತಿರುವವರಲ್ಲಿ ಕಿರಿಯರು ಮೊದಲು ಉತ್ತರಿಸತಕ್ಕದ್ದು. ಯಾರು ಕಿರಿಯರೆಂದು ತಿಳಿಯಲು ಕರೆ ಮಾಡುವಂತಿಲ್ಲ.

3. ಕಾಯುವಾಗ ಬಂದ ಸೀನನ್ನು ಉತ್ತರವೆಂದು ಪರಿಗಣಿಸಲಾಗುವುದಿಲ್ಲ.

4. ಗೋಡೆ ಗುದ್ದುವುದನ್ನು ಅಧಿಕೃತ ಸಂವಹನವೆಂದು ಅಂಗೀಕರಿಸಲಾಗಿದೆ. ಗೋಡೆಯಿಲ್ಲದ ಶಾಖೆಗಳಿಗೆ ಗೋಡೆ ಮಂಜೂರು ಮಾಡಲಾಗುವುದು.

5. ಅಕ್ಕನವರಿಗೆ ನೀಡಿದ್ದ ಮೆಮೊವನ್ನು ಹಿಂಪಡೆಯಲಾಗಿದೆ. ಅವರು ಎದ್ದದ್ದಕ್ಕೆ ಸಹಿದಾರರು ವೈಯಕ್ತಿಕವಾಗಿ ಋಣಿಯಾಗಿದ್ದಾರೆ.

ಸಹಿ/-
ತಂತ್ರಾಂಶ ಅಧಿಕಾರಿ

ಪ್ರತಿಗಳು:
ಉಗ್ರಾಣಕ್ಕೆ, ಕೀಲಿಯನ್ನು ಮೊಳೆಗೆ ನೇತುಹಾಕಲು.
ಲಿಫ್ಟ್ ರಿಪೇರಿಯವರಿಗೆ, ಎಂಟನೇ ಬಾರಿ.
ಸಹಿದಾರರ ಪತ್ನಿಯವರಿಗೆ, ಆ ದಿನ ಫೋನು ಮೇಜಿನ ಮೇಲೆ ಉಳಿದಿತ್ತು, ಎತ್ತದಿದ್ದದ್ದು ಬೇಕೆಂದಲ್ಲ ಎಂಬ ಮಾಹಿತಿಗಾಗಿ ಮತ್ತು ದಯಾಪರ ಪರಿಶೀಲನೆಗಾಗಿ.