ಪಿಂಗಾಣಿ ಹಲ್ಲಿನ ಬೀಗಿತ್ತಿ

ಹೊಸ ವಸ್ತುವೊಂದು ಮನೆಗೆ ಬಂದಾಗ ಅದು ನಮ್ಮ ಸೇವೆಗೆ ಬಂದಿದೆ ಎಂದು ನಾವು ತಿಳಿದುಕೊಳ್ಳುತ್ತೇವೆ. ಯಾರು ಯಾರ ಸೇವೆ ಮಾಡುತ್ತಿದ್ದಾರೆ ಎಂಬುದು ಆಮೇಲೆ ನಿಧಾನವಾಗಿ ಗೊತ್ತಾಗುತ್ತದೆ. ನಮ್ಮ ಮನೆಯ ಸೋಫಾ ಬಂದು ಎಷ್ಟೋ ವರ್ಷವಾಯಿತು, ಅದರ ನಿಜವಾದ ಬಣ್ಣವನ್ನು ನಾನಿನ್ನೂ ಕಂಡಿಲ್ಲ. ಅಂಗಡಿಯವನು ಹೊದಿಸಿ ಕಳಿಸಿದ ಪ್ಲಾಸ್ಟಿಕ್ಕಿನ ಮೇಲೆ ನಮ್ಮ ಯಜಮಾನರು ಇನ್ನೊಂದು ಬಟ್ಟೆಯ ಹೊದಿಕೆ ಹಾಕಿಸಿದ್ದಾರೆ. ಟಿವಿ ರಿಮೋಟಿಗೆ ಪಾರದರ್ಶಕ ಅಂಗಿಯಿದೆ, ಮಿಕ್ಸಿಗೆ ಕುಚ್ಚಿರುವ ಕುಲಾವಿಯಿದೆ. ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಆದರೆ ಕಾಪಾಡಲೇಬೇಕಾದ ಇಂಥ ವಸ್ತುವೊಂದನ್ನು ಕಾಸು ಕೊಟ್ಟು ನನ್ನ ಬಾಯೊಳಗೇ ಅಂಟಿಸಿಕೊಂಡು ಬಂದೆ ನೋಡಿ, ಅಂದಿನಿಂದ ನನಗೆ ನೆಮ್ಮದಿಯಾಗಿ ಒಂದು ಸೀಬೆಹಣ್ಣು ತಿಂದ ನೆನಪಿಲ್ಲ.

ನೆನಪಿಲ್ಲ ಎಂದೆ. ಈ ಮಾತನ್ನು ನಾನು ಎಚ್ಚರದಿಂದಲೇ ಬಳಸುತ್ತೇನೆ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಒಂದೇ ಘಟನೆಯನ್ನು ಗೆದ್ದವರು ಒಂದು ಥರ, ಸೋತವರು ಒಂದು ಥರ ಬರೆದಿಡುತ್ತಾರೆ ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಮೇಲೇ ನನಗೆ ಅನುಮಾನ ಬಂದುಬಿಟ್ಟಿದೆ. ದಿನಚರಿ ಬರೆಯುವ ಅಭ್ಯಾಸವಿದೆ, ಆದರೆ ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಅದರಲ್ಲಿ ನಾನು ಯಾವಾಗಲೂ ಸ್ವಲ್ಪ ಹೆಚ್ಚು ತಾಳ್ಮೆಯವಳಾಗಿ ಕಾಣುತ್ತೇನೆ, ನಮ್ಮ ಯಜಮಾನರು ಸ್ವಲ್ಪ ಹೆಚ್ಚು ಮೊಂಡರಾಗಿ ಕಾಣುತ್ತಾರೆ.

ಹಲ್ಲಿನ ವಿಷಯ ಹೀಗೆ. ನಾನು ಹುಟ್ಟಿ ಬೆಳೆದದ್ದು ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನದೇ ಮಧುರೆಯ ಹತ್ತಿರದ ಹಳ್ಳಿಯಲ್ಲಿ, ಬೋರಿನ ನೀರು ಕುಡಿದು. ಆ ನೀರಿನ ಗುಣವೋ ದೋಷವೋ, ನಮ್ಮ ಓರಗೆಯವರ ಹಲ್ಲಿನ ಮೇಲೆಲ್ಲ ಕಂದು ಗೀರು. ಊರಲ್ಲಿದ್ದಷ್ಟು ದಿನ ಅದು ಯಾರಿಗೂ ಕಾಣಲಿಲ್ಲ, ಎಲ್ಲರಿಗೂ ಇತ್ತಲ್ಲ. ಎಂ.ಎ. ಓದಲು ಹೋದ ಹಾಸ್ಟೆಲಿನಲ್ಲಿ ಒಬ್ಬಳು ಮೆಲ್ಲಗೆ, "ನೀನು ಹಲ್ಲುಜ್ಜಲ್ವಾ?" ಎಂದು ಕೇಳಿದಳು. ಅಂದಿನಿಂದ ನಗು ಬಂದರೆ ಸೆರಗು ಬಾಯಿಗೆ ಬರುವುದು, ಸೆರಗಿಲ್ಲದಿದ್ದರೆ ಕೈ ಬರುವುದು. ವರ್ಷಗಳು ಕಳೆದಂತೆ ಆ ಕಷ್ಟವೂ ತಪ್ಪಿತು, ನಗುವುದನ್ನೇ ಕಡಿಮೆ ಮಾಡಿದೆ. ವಿದ್ಯಾರ್ಥಿಗಳು ನನ್ನನ್ನು ಶಿಸ್ತಿನವಳು ಎಂದುಕೊಂಡರು. ನಾನು ಬೇಡವೆನ್ನಲಿಲ್ಲ.

ಮಗಳು ಚೈತ್ರಳ ನಿಶ್ಚಿತಾರ್ಥದಲ್ಲಿ ಇದು ಎಡವಟ್ಟಾಯಿತು. ಹುಡುಗನ ಮನೆ ಸಾಸಲಿನ ಕಡೆ. ತೋಟ, ಹೊಲ, ಹಸು ಇರುವ ದೊಡ್ಡ ಕುಟುಂಬ. ಹುಡುಗನ ತಾಯಿ ಜಯಮ್ಮ, ಅಂದರೆ ನನ್ನ ಬೀಗಿತ್ತಿ, ಮಾತಿಗೊಮ್ಮೆ ನಗುವ ಹೆಂಗಸು. ಅವರು ನಗುತ್ತಾ ಹೋದರು, ನಾನು ತುಟಿ ಬಿಗಿದು ತಲೆಯಾಡಿಸುತ್ತಾ ಹೋದೆ. ಒಂದು ವಾರವಾದ ಮೇಲೆ ಚೈತ್ರ ಬಂದು ನನ್ನೆದುರು ಕುಳಿತಳು.

"ಅಮ್ಮ, ಅತ್ತೆ ಏನಂದ್ರಂತೆ ಗೊತ್ತಾ? 'ಹುಡುಗಿ ತಾಯಿ ಕಾಲೇಜ್ ಮೇಡಮ್ಮು, ನಮ್ಮಂತೋರ ಜೊತೆ ಹಲ್ಲು ಬಿಟ್ರೆ ದಂಡ ಬೀಳ್ತದೇನೋ' ಅಂದ್ರಂತೆ. ನಾಳೆ ಆ ಮನೇಲಿ ಬಾಳಬೇಕಾದವಳು ನಾನು ಕಣಮ್ಮ. ನಿನ್ನ ಮೂತಿಗೆ ನಾನು ಉತ್ತರ ಕೊಡಬೇಕು."

ಮಗಳ ಸಂಸಾರದ ಆರಂಭವೇ ನನ್ನ ಮೂತಿಯಿಂದ ಕೆಡುವುದೆಂದರೆ ಯಾವ ತಾಯಿ ಸುಮ್ಮನಿರುತ್ತಾಳೆ. ಆ ಶನಿವಾರವೇ ಹಲ್ಲಿನ ಡಾಕ್ಟರಮ್ಮನ ಮುಂದೆ ಬಾಯಿ ತೆರೆದೆ.

ವೆನೀರ್ ಎಂದರೆ ಹಲ್ಲಿನ ಮುಖಕ್ಕೆ ಅಂಟಿಸುವ ಉಗುರಿನಷ್ಟು ತೆಳ್ಳಗಿನ ಪಿಂಗಾಣಿ ಬಿಲ್ಲೆ. ಹಲ್ಲನ್ನು ಮುಂದಿನಿಂದ ಒಂಚೂರು ಕೆರೆದು, ಅಳತೆ ತೆಗೆದು, ಮೇಲೆ ಅಂಟಿಸುತ್ತಾರೆ. ಮೇಲಿನ ಸಾಲಿನ ಆರು ಹಲ್ಲಿಗೆ ಸಾಕು ಎಂದರು. ನಮ್ಮ ಯಜಮಾನರು ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡುವ ಕೆಲಸದವರು. ಅಂಟಿಸಿ ಮುಗಿದ ದಿನ ಅವರಿಗೆ ಒಂದೇ ಪ್ರಶ್ನೆ.

"ವಾರಂಟಿ ಎಷ್ಟು ಮೇಡಂ?"

"ವಾರಂಟಿ ಅಂತ ಇರಲ್ಲ ಸರ್. ಹೇಗೆ ನೋಡ್ಕೋತಾರೆ ಅನ್ನೋದರ ಮೇಲೆ ಹೋಗುತ್ತೆ."

"ಅಂದ್ರೆ ಕೆಟ್ಟರೆ ನಮ್ಮ ತಪ್ಪು."

"ಹಾಗಲ್ಲ ಸರ್," ಎಂದು ಡಾಕ್ಟರಮ್ಮ ಒಂದು ಅಂಕಿ ಹೇಳಿದರು. ಆ ಅಂಕಿ ಯಾವುದೆಂಬುದೇ ನಮ್ಮ ಮನೆಯ ತೀರದ ವ್ಯಾಜ್ಯ. ಹದಿನೈದು ವರ್ಷ ಎಂದರು ಎಂದು ನನ್ನ ದಿನಚರಿ ಹೇಳುತ್ತದೆ. ಹತ್ತು ಎಂದರು ಎಂದು ಯಜಮಾನರು ಹೇಳುತ್ತಾರೆ. ನಾನು ಆಗತಾನೆ ಕುರ್ಚಿಯಿಂದ ಇಳಿದವಳು, ತುಟಿ ಮರಗಟ್ಟಿತ್ತು, ಕಿವಿಯೂ ಮರಗಟ್ಟಿತ್ತೇನೋ. ಒಳ್ಳೆಯ ಸುದ್ದಿಯನ್ನಷ್ಟೇ ಬರೆದುಕೊಂಡಿರುವ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ.

ಬಾಕಿ ಹೇಳಿದ್ದೆಲ್ಲ ಯಜಮಾನರಿಗೆ ಬಾಯಿಪಾಠ. ಮೆತ್ತನೆಯ ಬ್ರಷ್ಷು, ಒರಟಿಲ್ಲದ ಪೇಸ್ಟು. ಇದ್ದಿಲು, ಉಪ್ಪು ಹಾಕಿ ತಿಕ್ಕುವಂತಿಲ್ಲ. ಹಲ್ಲಿನ ಸಂದಿಯಲ್ಲಿ ದಿನಾ ದಾರ ಆಡಿಸಬೇಕು, ಏಕೆಂದರೆ ಪಿಂಗಾಣಿಗೆ ಹುಳುಕು ಹಿಡಿಯದಿದ್ದರೂ ಅದರ ಹಿಂದಿರುವ ನನ್ನ ಸ್ವಂತ ಹಲ್ಲಿಗೆ ಹಿಡಿಯುತ್ತದೆ. ಕಾಫಿ ಕುಡಿದರೆ ಬಾಯಿ ಮುಕ್ಕಳಿಸಬೇಕು, ಪಿಂಗಾಣಿ ಬಿಳುಪಾಗೇ ಉಳಿದರೂ ಅಂಟಿನ ಅಂಚು ಕಂದಾಗುತ್ತದಂತೆ. ಕಬ್ಬು, ಐಸು, ಮೂಳೆ ಮುಂದಿನ ಹಲ್ಲಲ್ಲಿ ಕಡಿಯಬಾರದು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಹಲ್ಲಿಗೊಂದು ಕವಚ ಹಾಕಿಕೊಂಡು ಮಲಗಬೇಕು. ನನಗೆ ಆ ಅಭ್ಯಾಸವಿಲ್ಲ ಎಂದೆ. ಇದೆ ಎಂದರು ಯಜಮಾನರು. ನಾನು ನಿದ್ದೆಯಲ್ಲಿದ್ದಾಗ ನಡೆದದ್ದಕ್ಕೆ ಅವರೊಬ್ಬರೇ ಸಾಕ್ಷಿ, ಏನು ಮಾಡಲಿ.

ಅಂದಿನಿಂದ ಊಟದ ಮೇಜು ಅವರ ತಪಾಸಣಾ ಕೇಂದ್ರವಾಯಿತು. ಕೋಡುಬಳೆ ಕೈಗೆತ್ತಿಕೊಂಡರೆ, "ಸೈಡಿಂದ, ಸೈಡಿಂದ," ಎನ್ನುವರು. ಸೇಬನ್ನು ಹೆಚ್ಚಿಕೊಡುವರು, ಅದೂ ಹಸುಗೂಸಿಗೆ ಹೆಚ್ಚುವಷ್ಟು ಸಣ್ಣಗೆ. "ಇದು ನನ್ನ ಬಾಯಿ ರೀ," ಎಂದರೆ, "ಬಾಯಿ ನಿಂದೇ, ಮಾಲು ಹೊಸದು," ಎನ್ನುವರು. ಈ ಕಾಟದಲ್ಲಿ ನನ್ನನ್ನು ಕೈಬಿಡದ್ದು ರಾಗಿಮುದ್ದೆ ಒಂದೇ. ಅದನ್ನು ಅಗಿಯುವಂತಿಲ್ಲ, ಸಾರಲ್ಲಿ ಹೊರಳಿಸಿ ನುಂಗಬೇಕು. ನಮ್ಮ ಹಿರಿಯರು ನನ್ನ ಪಿಂಗಾಣಿಯನ್ನು ಮೊದಲೇ ಕಂಡು ಈ ಊಟ ಕಂಡುಹಿಡಿದರೋ ಎನ್ನಿಸುತ್ತಿತ್ತು.

ಇಷ್ಟೆಲ್ಲ ಆಗಿ ಮದುವೆಯಲ್ಲಿ ನಕ್ಕೆನೇ? ಇಲ್ಲ. ಮೊದಲು ಹಲ್ಲು ಕಂಡೀತೆಂದು ಬಾಯಿ ಮುಚ್ಚುತ್ತಿದ್ದೆ, ಈಗ ಹಲ್ಲಿಗೆ ಏನಾದರೂ ತಾಗೀತೆಂದು ಮುಚ್ಚತೊಡಗಿದೆ. ಧಾರೆಯ ಹೊತ್ತಿಗೆ ಅಕ್ಷತೆ ಹಾರಿ ಬಂದಾಗಲೂ ಸೆರಗು ತಾನಾಗಿ ಬಾಯಿಗೆ ಹೋಯಿತು. ಜಯಮ್ಮ ಅದನ್ನೂ ನೋಡಿದರು. ಚೈತ್ರ ಅವರು ನೋಡಿದ್ದನ್ನು ನೋಡಿದಳು.

ಉಳಿದದ್ದು ಬೀಗರೂಟ. ಮದುವೆ ಮನೆಯ ಊಟದಲ್ಲಿ ಹೋಳಿಗೆ, ಪಾಯಸ ಎಂದು ಸಂಭಾವಿತರಾಗಿದ್ದವರೆಲ್ಲ ಸೇಡು ತೀರಿಸಿಕೊಳ್ಳುವ ಬಾಡೂಟ ಅದು. ಗಂಡಿನ ಮನೆಯಂಗಳದಲ್ಲಿ ಶಾಮಿಯಾನ, ಬೆಳಿಗ್ಗೆಯೇ ಕುದಿಯಲಿಟ್ಟ ಕುರಿ ಸಾರು. ಅಲ್ಲಿಯ ಕ್ರಮವೆಂದರೆ ಬೀಗಿತ್ತಿಗೆ ಬೀಗಿತ್ತಿಯೇ ತನ್ನ ಕೈಯಾರೆ ಬಡಿಸಬೇಕು. ಬಡಿಸುವುದು ಯಾವ ತುಂಡು ಅನ್ನುವುದರಲ್ಲಿ ಗೌರವ ಇರುತ್ತದೆ. ಜಯಮ್ಮ ಪಾತ್ರೆಯೊಳಗೆ ಸೌಟು ಆಡಿಸಿ, ಹುಡುಕಿ, ಎಲ್ಲರಿಗಿಂತ ದೊಡ್ಡ ನಲ್ಲಿಮೂಳೆಯನ್ನು ನನ್ನ ಎಲೆಗೆ ಹಾಕಿದರು. ಹಾಕಿ, ಸೌಟು ಹಿಡಿದು ಎದುರಿಗೇ ನಿಂತರು. ನಲ್ಲಿಮೂಳೆಯನ್ನು ಕಡಿದು, ಸದ್ದು ಬರುವಂತೆ ಒಳಗಿನ ಮಜ್ಜೆ ಹೀರಬೇಕು. ಆ ಸದ್ದೇ ಅಡಿಗೆಯವಳಿಗೆ ಸಲ್ಲುವ ಮೆಚ್ಚುಗೆ.

ಪಕ್ಕದಲ್ಲಿದ್ದ ಯಜಮಾನರು, "ಸೈಡಿಂದ," ಎಂದು ಪಿಸುಗುಟ್ಟಿದರು.

ಮೂಳೆ ಸೈಡಿಗೆ ಹಿಡಿಸುವಂಥದ್ದಲ್ಲ. ನಾನು ಅದನ್ನು ಎತ್ತಿ, ತುಟಿಗೆ ತಾಗಿಸಿ, ಇಳಿಸಿದೆ. ಮತ್ತೆ ಎತ್ತಿ ಇನ್ನೊಂದು ತುದಿ ತಾಗಿಸಿದೆ.

"ಮೇಡಮ್ಮೋರೆ, ಮೂಳೆ ಕಡೀರಿ ಅಂದ್ರೆ ಮುತ್ತು ಕೊಡ್ತಾ ಇದ್ದೀರಲ್ಲ," ಎಂದರು ಜಯಮ್ಮ. ಪಂಕ್ತಿಯೆಲ್ಲ ನಕ್ಕಿತು. ನಾನು ತುಟಿ ಬಿಗಿದೆ.

ಆಗ ಯಜಮಾನರು ನನ್ನನ್ನು ಪಾರುಮಾಡಲು ಹೊರಟರು. ಸದ್ದಿಲ್ಲದೆ ಕೈ ಚಾಚಿ ಮೂಳೆಯನ್ನು ತಮ್ಮ ಎಲೆಗೆ ಸಾಗಿಸತೊಡಗಿದರು.

"ಏನ್ ಗುರು ಇದು," ಎಂದ ಎದುರು ಸಾಲಿನವನೊಬ್ಬ, "ನಮ್ ಬೀಗ್ರು ಹೆಂಡ್ತಿ ಎಲೆಗೇ ಕನ್ನ ಹಾಕವ್ರೆ. ಇನ್ನೊಂದ್ ತುಂಡು ಹಾಕ್ರಲಾ ಅವ್ರಿಗೆ."

ಈ ಸಲ ಜಯಮ್ಮ ನಗಲಿಲ್ಲ. "ಸಾರು ಸರಿಯಿಲ್ವಾ?" ಎಂದರು.

"ಇಲ್ಲ, ಬಹಳ ಚೆನ್ನಾಗಿದೆ."

"ಮತ್ಯಾಕೆ ಮುಟ್ತಾ ಇಲ್ಲ?"

"ಹೊಟ್ಟೆ ಸ್ವಲ್ಪ ಸರಿಯಿಲ್ಲ," ಎಂದೆ. ಅಷ್ಟರಲ್ಲಿ ಒಂದೂವರೆ ಮುದ್ದೆ ನುಂಗಿದ್ದವಳು ನಾನು. ಆ ಮುದ್ದೆಯ ಲೆಕ್ಕವೂ ಅವರಿಗೆ ಗೊತ್ತಿತ್ತು, ಬಡಿಸಿದವರು ಅವರೇ. ಸೌಟು ಎತ್ತಿಕೊಂಡು ಮುಂದಿನ ಎಲೆಗೆ ಹೋದರು. ಅಡಿಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆಯನ್ನೇ ಬಿಟ್ಟುಬಂದ ವಿದ್ಯಾರ್ಥಿಯನ್ನು ನಾನು ನೋಡುತ್ತೇನಲ್ಲ, ಹಾಗೆ ನೋಡಿದಳು. ನಿಜ ಹೇಳಿಬಿಡಬಹುದಿತ್ತು. ಆದರೆ ಅಷ್ಟು ಜನರ ಮುಂದೆ, ಇದು ಪಿಂಗಾಣಿ, ಇದಕ್ಕೆ ಮೂಳೆ ಆಗುವುದಿಲ್ಲ ಎಂದು ಹೇಗೆ ಹೇಳುವುದು.

ಊಟವಾದ ಮೇಲೆ ನಡುಮನೆಯಲ್ಲಿ ಕೂರಿಸಿ ಅರಿಸಿನ ಕುಂಕುಮ ಕೊಟ್ಟರು, ಎಲೆ ಅಡಿಕೆಯ ತಟ್ಟೆಯ ಮೇಲೆ ಸೀರೆಯಿಟ್ಟು ಕೊಟ್ಟರು. ಜಯಮ್ಮನ ಮುಖ ಗಂಟಿಕ್ಕಿಯೇ ಇತ್ತು. "ನಿಮ್ಮೂರಿನ ಮಗ್ಗದ್ದೇ. ನಿಮಗೆ ಹಿಡಿಸ್ತದೋ ಇಲ್ವೋ," ಎಂದರು. ಸೀರೆ ತುಂಬ ಚೆನ್ನಾಗಿತ್ತು. ಹಾಗೆಂದು ಹೇಳಲು ಅದರ ಸೆರಗು ಬಿಚ್ಚಿ ನೋಡಿದೆ. ಅಂಚಿನಲ್ಲಿ ಒಂದು ಎಳೆ ಹೊರಗೆ ಬಂದಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಮ್ಮಪ್ಪ ದೊಡ್ಡಬಳ್ಳಾಪುರಕ್ಕೆ ಬಂದು ಮನೆಯಲ್ಲೇ ಎರಡು ಮಗ್ಗ ಹಾಕಿದ್ದರು. ಮಗ್ಗದಿಂದಿಳಿದ ಸೀರೆಯ ಅಡ್ಡಾದಿಡ್ಡಿ ಎಳೆಗಳನ್ನು ತೆಗೆಯುವುದು ನಮ್ಮ ಕೆಲಸ. ಕತ್ತರಿ ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತಿತ್ತು, ಹಲ್ಲು ನಮ್ಮ ಬಳಿಯೇ ಇರುತ್ತಿತ್ತು. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಬಿಡಿ ಎಳೆ ಕಂಡರೆ ಮೊದಲು ಎಚ್ಚರವಾಗುವುದು ಬಾಯಿ, ಬುದ್ಧಿ ಆಮೇಲೆ. ನಾನು ಎಳೆಯನ್ನು ಮುಂದಿನ ಹಲ್ಲಿನ ನಡುವೆ ಸಿಕ್ಕಿಸಿ ಎಳೆದೇಬಿಟ್ಟೆ.

ಟಿಕ್ ಎಂದು ಒಂದು ಸಣ್ಣ ಸದ್ದು. ಎಳೆ ಹಾಗೇ ಇತ್ತು. ಬಿಳಿಯ ಬಿಲ್ಲೆಯೊಂದು ವೀಳ್ಯದೆಲೆಯ ಮೇಲೆ ಬಿತ್ತು.

ಜಯಮ್ಮ ಬಗ್ಗಿ ಅದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಇದೇನಿದು, ಸೀರೇಲಿ ಚಿಪ್ಪು ಐತೆ."

"ಅದು ನನ್ನ ಹಲ್ಲು," ಎಂದೆ, ಬಾಯಿಗೆ ಸೆರಗು ಒತ್ತಿಕೊಂಡು.

"ಹಲ್ಲು ಇಷ್ಟು ತೆಳ್ಳಗಿರ್ತದಾ?"

"ಹಲ್ಲಿನ ಮುಖ. ಅಂಟಿಸಿದ್ದು."

ಅವರು ಬಿಲ್ಲೆಯನ್ನು ನೋಡಿದರು, ನನ್ನನ್ನು ನೋಡಿದರು. "ಸೆರಗು ತೆಗೀರಿ. ಬಾಯಿ ಬಿಡಿ, ನೋಡಣ."

ಆ ದನಿಗೆ ಹಸುಗಳೂ ಬಾಯಿ ತೆರೆಯುತ್ತವೆಂದು ಕಾಣುತ್ತದೆ, ನಾನೂ ತೆರೆದೆ. ಐದು ಬಿಳಿ ಹಲ್ಲುಗಳ ನಡುವೆ ಕೆರೆದುಳಿದ ಕಂದು ಹಲ್ಲೊಂದು ಕಾಣಿಸಿರಬೇಕು.

"ಅಯ್ಯೋ ನನ್ ತಾಯಿ. ಇದು ನಮ್ ಬೋರ್ ನೀರಿನ ಹಲ್ಲಲ್ವಾ?" ಎಂದವರೇ ತಮ್ಮ ತುಟಿಯನ್ನು ಬೆರಳಿಂದ ಎತ್ತಿ ತೋರಿಸಿದರು. ಅದೇ ಕಂದು ಗೀರು, ಇಡೀ ಸಾಲು. ಅಷ್ಟು ದಿನ ಅಷ್ಟು ನಕ್ಕವರ ಬಾಯಲ್ಲಿ ನಾನು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. "ಇದನ್ನ ಬಚ್ಚಿಡಕ್ಕಾ ನೀವು ಇಷ್ಟು ದಿನ ಮೂತಿ ಬಿಗ್ಕೊಂಡಿದ್ದು? ಮೂಳೆ ಬಿಟ್ಟಿದ್ದೂ ಇದಕ್ಕೇನಾ?"

ತಲೆಯಾಡಿಸಿದೆ.

"ಮೂಳೆಯಿಂದ ತಪ್ಪಿಸ್ಕೊಂಡು ದಾರಕ್ಕೆ ಸಿಕ್ಕಾಕೊಂಡ್ರಲ್ಲ ಮೇಡಮ್ಮೋರೆ."

ಅಲ್ಲಿಂದ ಮುಂದೆ ಏನಾಯಿತೆಂಬುದರಲ್ಲಿ ಎರಡು ಮಾತಿದೆ. ನಾನು ನಾಚಿ ಮತ್ತೆ ಬಾಯಿ ಮುಚ್ಚಿಕೊಂಡೆ, ಜಯಮ್ಮ ಒಬ್ಬರೇ ನಕ್ಕರು ಎಂದು ನನ್ನ ದಿನಚರಿಯಲ್ಲಿದೆ. ಅದರ ಬೆಲೆ ಎಷ್ಟೆಂಬುದು ಮುಂದೆ ಗೊತ್ತಾಗುತ್ತದೆ.

ಅಷ್ಟರಲ್ಲಿ ಯಜಮಾನರು ಯಾರಿಂದಲೋ ತಕ್ಷಣ ಅಂಟುವ ಗೋಂದಿನ ಟ್ಯೂಬು ಸಂಪಾದಿಸಿಕೊಂಡು ಬಂದಿದ್ದರು, ಚಪ್ಪಲಿಗೆ ಹಾಕುವಂಥದ್ದು. ಪುಣ್ಯಕ್ಕೆ ಚೈತ್ರ ಕಿತ್ತುಕೊಂಡಳು. ಮಾರನೆಯ ದಿನ ಆ ಗೋಂದಿನ ಸುದ್ದಿ ಕೇಳಿಯೇ ಡಾಕ್ಟರಮ್ಮ ತಲೆ ಹಿಡಿದುಕೊಂಡರು. ಬಿದ್ದ ಬಿಲ್ಲೆಯನ್ನು ಮುರಿಯದಂತೆ ಪುಟ್ಟ ಡಬ್ಬಿಯಲ್ಲಿಟ್ಟು ತಂದದ್ದೊಂದೇ ನಾವು ಸರಿಯಾಗಿ ಮಾಡಿದ್ದಂತೆ. ತೊಳೆದು, ಒರೆಸಿ, ಅದನ್ನೇ ಮತ್ತೆ ಅಂಟಿಸಿದರು.

"ಏನು ಕಡಿದಿರಿ? ಮೂಳೆನಾ?"

"ದಾರ."

"ಹಲ್ಲನ್ನ ಕತ್ತರಿ ಥರ ಬಳಸಬೇಡಿ ಅಂದಿದ್ದೆನಲ್ಲ ಮೇಡಂ."

ಹೇಳಿರಲಿಲ್ಲ ಎಂದು ನಾನು ಇಂದಿಗೂ ಆಣೆ ಮಾಡಬಲ್ಲೆ. ಹೇಳಿದ್ದರು ಎಂದು ಯಜಮಾನರು ಅಲ್ಲೇ, ಅವರ ಮುಂದೆಯೇ, ಹೇಳಿಬಿಟ್ಟರು. ವರ್ಷದ ಲೆಕ್ಕವನ್ನೂ ಮತ್ತೆ ಕೇಳಿದರು. ಚೆನ್ನಾಗಿ ನೋಡಿಕೊಂಡರೆ ಹತ್ತರಿಂದ ಹದಿನೈದು, ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ ಎಂದರು ಡಾಕ್ಟರಮ್ಮ. ದಾರಿಯುದ್ದಕ್ಕೂ ಇಬ್ಬರೂ ನಮ್ಮ ನಮ್ಮ ಲೆಕ್ಕವೇ ಸರಿಯೆಂದು ವಾದಿಸಿದೆವು.

ಮೊನ್ನೆ ಸಾಸಲಿಗೆ ಹೋಗಿದ್ದೆ. ಮಗಳು ನೆಮ್ಮದಿಯಾಗಿದ್ದಾಳೆ. ಅತ್ತೆ ಸೊಸೆ ಸೇರಿ ನನ್ನನ್ನು ಆಡಿಕೊಳ್ಳುವಷ್ಟು ನೆಮ್ಮದಿ. ನಡುಮನೆಯ ಗೋಡೆಯ ಮೇಲೆ, ಬಾಗಿಲು ದಾಟಿದವರಿಗೆಲ್ಲ ಮೊದಲು ಕಾಣುವಂತೆ, ಅಗಲವಾದ ಹೊಸ ಫೋಟೋ. ಬೀಗರೂಟದ ದಿನ ಫೋಟೋಗ್ರಾಫರ್ ನಡುಮನೆಯಲ್ಲೂ ಇದ್ದನೆಂಬುದು ನನಗೆ ನೆನಪೇ ಇಲ್ಲ. ಅದರಲ್ಲಿ ಜಯಮ್ಮ ನನ್ನ ಭುಜ ಹಿಡಿದು ನಗುತ್ತಿದ್ದಾರೆ. ನಾನು ತಲೆ ಹಿಂದಕ್ಕೆ ಚೆಲ್ಲಿ, ಸೆರಗು ಮಡಿಲಲ್ಲಿ ಬಿಟ್ಟು, ಅಂಗಳಕ್ಕೆ ಕೇಳುವಂತೆ ನಗುತ್ತಿದ್ದೇನೆ. ಐದು ಬಿಳಿ, ಒಂದು ಕಂದು. ಇಡೀ ಮದುವೆಯಲ್ಲಿ ನಾನು ಬಾಯಿ ಬಿಟ್ಟು ನಕ್ಕಿರುವ ಫೋಟೋ ಇದೊಂದೇ ಎಂದು ಚೈತ್ರ ಆರಿಸಿ, ದೊಡ್ಡದು ಮಾಡಿಸಿದ್ದಾಳೆ. ಬಂದವರಿಗೆಲ್ಲ ಜಯಮ್ಮ ಕೋಲು ಹಿಡಿದು ಆ ಹಲ್ಲನ್ನೇ ತೋರಿಸಿ ಕಥೆ ಹೇಳುತ್ತಾರಂತೆ.

ನಮ್ಮ ಯಜಮಾನರು ಫೋಟೋದ ಹತ್ತಿರ ಹೋಗಿ, ಅಂಚು ಮುಟ್ಟಿ, ಕನ್ನಡಕ ಏರಿಸಿ ನೋಡಿದರು. "ಒಳ್ಳೇ ಲ್ಯಾಮಿನೇಷನ್. ವಾರಂಟಿ ಏನಾದ್ರೂ ಹೇಳಿದ್ನಾ?"

"ಹೇಳ್ದ ಬೀಗ್ರೆ," ಎಂದರು ಜಯಮ್ಮ. "ನೀರು ಬಿದ್ರೂ, ಬಿಸಿಲು ಬಿದ್ರೂ, ಐವತ್ತು ವರ್ಷ ಹಿಂಗೇ ಇರ್ತದಂತೆ. ನೋಡ್ಕೊಳ್ಳೋದೂ ಬೇಡ್ವಂತೆ."