ಅಟ್ಟ ಹತ್ತಿದ ಗ್ರಂಥಪಾಲಕ

"ಇವತ್ತು ನಾನು ಭಯವನ್ನೇ ಭಯಪಡಿಸ್ತೀನಿ!" ಎಂದು ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಎತ್ತಿ ಹಿಡಿದು ಘೋಷಿಸಿದೆ.

"ಮೊದಲು ಬಾಯಿ ತೊಳ್ಕೊಳ್ಳಿ, ನೊರೆ ಹಾರ್ತಿದೆ," ಎಂದಳು ಹೆಂಡತಿ.

ಅವಳಿಗೇನು ಗೊತ್ತು ನನ್ನ ಸಂಕಟ! ಊರಿನವರ ಕಣ್ಣಿಗೆ ನಾನು ಹತ್ತೊಂಬತ್ತು ವರ್ಷಗಳ ಅನುಭವವುಳ್ಳ ಗ್ರಂಥಪಾಲಕ. ಒಳಗೆ, ಏಣಿ ಕಂಡರೆ ಕೈಕಾಲು ನಡುಗುವ ಬಡಪ್ರಾಣಿ. ನಮ್ಮ ಗ್ರಂಥಾಲಯದ ಕಪಾಟುಗಳಿಗೆ ಹನ್ನೆರಡು ಸಾಲು. ಆರನೆಯದರ ಮೇಲೆ ಏನಿದೆಯೆಂದು ಜಿರಲೆಗಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಇವತ್ತು ಹನ್ನೊಂದು ಗಂಟೆಗೆ ತಪಾಸಣೆ. ಮೇಲಧಿಕಾರಿಯ ಎದುರಿಗೇ ನಾನು ಏಣಿ ಹತ್ತಿ ಪುಸ್ತಕಗಳನ್ನು ಇಳಿಸಿ ತೋರಿಸಬೇಕು. ಇಲ್ಲದಿದ್ದರೆ ಮಾನ ಮೂರು ಕಾಸಿಗೆ ಹರಾಜು!

ಹಾಗಾಗಿ ಮನೆಯಲ್ಲೇ ತಾಲೀಮು. ಅಡುಗೆಮನೆಯ ಅಟ್ಟಕ್ಕೆ ಏಣಿ ಆನಿಸಿದೆ.

"ನಿಮಗೆ ಮಂಡಿನೋವಲ್ವಾ? ಮದುವೆ ಆದಾಗಿಂದ ಅಟ್ಟ ಹತ್ತೋಳು ನಾನೇ ಅಲ್ವಾ?"

"ಮಂಡಿ ವಾಸಿಯಾಯ್ತು ಕಣೇ. ನೀನು ಏಣಿ ಹಿಡ್ಕೋ, ಸಾಕು!"

ಮೊದಲ ಮೆಟ್ಟಿಲಲ್ಲಿ ನಾನು ಮಹಾವೀರ. ಮೂರನೆಯದರಲ್ಲಿ ಮನೆದೇವರನ್ನು ಕೂಗಿದೆ. ಐದನೆಯದರಲ್ಲಿ, ನಾನು ಹುಟ್ಟಿದ್ದೇ ತಪ್ಪು ಅನ್ನಿಸಿತು.

"ರೀ, ಕಣ್ಣು ಬಿಡಿ!"

"ಬಿಟ್ರೆ ಬೀಳ್ತೀನಿ!"

"ಮುಚ್ಚಿದ್ರೂ ಬೀಳ್ತೀರಿ!"

ಕಣ್ಣು ಮುಚ್ಚಿಕೊಂಡೇ ಅಟ್ಟದ ಅಂಚನ್ನು ತಬ್ಬಿ, ಹೊಟ್ಟೆಯ ಮೇಲೆ ತೆವಳಿ, ಹಳೆಯ ಸೂಟ್‌ಕೇಸುಗಳ ನಡುವೆ ಸೇರಿಕೊಂಡೆ. ಏರಿದ ಏಣಿಯನ್ನು ಒದೆಯಬಾರದು ಅಂತಾರೆ ಹಿರಿಯರು. ನಾನು ಒದ್ದೆ! ತೆವಳುವ ಭರದಲ್ಲಿ ಕಾಲು ತಗುಲಿ ಏಣಿ ಜಾರಿತು, ಅವಳು ಪಕ್ಕಕ್ಕೆ ಹಾರಿದಳು, ತೊಳೆದಿಟ್ಟ ಪಾತ್ರೆಗಳೆಲ್ಲ ಉರುಳಿ ಮನೆ ತುಂಬ ಜಾಗಟೆ ಬಾರಿಸಿದಂತಾಯಿತು. ಏಣಿಯ ನಾಲ್ಕು ಮೆಟ್ಟಿಲು ಮುರಿದವು.

"ಬಡಗೀನ ಕರೆಸ್ತೀನಿ. ಅವನು ಬರೋದು ಮಧ್ಯಾಹ್ನವೇ."

"ಹನ್ನೊಂದಕ್ಕೆ ತಪಾಸಣೆ ಕಣೇ! ಮುಗೀತು ನನ್ನ ಕಥೆ!"

"ಅಷ್ಟಕ್ಕೂ ಇವತ್ತೇ ಯಾಕ್ರೀ ಈ ಸಾಹಸ?"

ಮೂಗಿಗೆ ಧೂಳು, ಬೆನ್ನಿಗೆ ಸೂಟ್‌ಕೇಸು. ಇನ್ನು ಮುಚ್ಚಿಡುವುದಕ್ಕೆ ಏನುಳಿದಿದೆ? ಬಾಯಿಬಿಟ್ಟೆ.

"ಏಣಿ ಅಂದ್ರೆ ನನಗೆ ಪ್ರಾಣಭಯ ಕಣೇ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ಹತ್ತಿಲ್ಲ. ಮೇಲಿನ ಸಾಲಿನ ಪುಸ್ತಕ ಯಾರು ಕೇಳಿದ್ರೂ, ಬೇರೆಯವರು ತಗೊಂಡು ಹೋಗಿದಾರೆ, ನಾಳೆ ಬನ್ನಿ ಅಂತಿದ್ದೆ."

ಕೆಳಗೆ ಪಾತ್ರೆ ಎತ್ತಿಡುವ ಸದ್ದು ನಿಂತಿತು.

"ಯಾರು ಕೇಳಿದ್ರೂ?"

"ಯಾರು ಕೇಳಿದ್ರೂ."

"ನಾನು ಕೇಳಿದಾಗ?"

ಅಯ್ಯೋ, ಕೆಟ್ಟೆ! ಮದುವೆಗೆ ಮುಂಚೆ ಅವಳು ಒಂದು ದಪ್ಪ ಕಾದಂಬರಿಗಾಗಿ ನಮ್ಮ ಗ್ರಂಥಾಲಯಕ್ಕೆ ಇಪ್ಪತ್ತಮೂರು ದಿನ ಬಂದಿದ್ದಳು. ಇಪ್ಪತ್ತಮೂರು ದಿನವೂ ಅದೇ ಉತ್ತರ ಕೊಟ್ಟಿದ್ದೆ. ಇಪ್ಪತ್ತನಾಲ್ಕನೆಯ ದಿನ ಅವಳಪ್ಪ ಬಂದು ಮದುವೆಯ ಮಾತೆತ್ತಿದರು. "ನನ್ನ ಮುಖ ನೋಡೋ ಆಸೆಗೆ ಪುಸ್ತಕಾನೇ ಬಚ್ಚಿಟ್ಟಿದ್ರು!" ಎಂದು ತಂಗಿಯರ ಮುಂದೆ, ಮಗಳ ಮುಂದೆ, ಕೊನೆಗೆ ಹಾಲಿನವನ ಮುಂದೆ ಕೂಡ ಹೇಳಿಕೊಂಡು ನಾಚಿದವಳು ಅವಳು. ನಾನೂ ಹಲ್ಲು ಕಿರಿದು ಒಪ್ಪಿಕೊಂಡಿದ್ದೆ.

"ಅದು ಎಷ್ಟನೇ ಸಾಲಲ್ಲಿತ್ತು?"

ಸುಳ್ಳು ಹೇಳಬಹುದಿತ್ತು. ಆದರೆ ಇವತ್ತು ಧೈರ್ಯದ ದಿನವಲ್ಲವೇ! "ಹನ್ನೆರಡನೇದು," ಎಂದೆ.

ಹತ್ತನೆಯ ದಿನದಿಂದಾಚೆ ಆ ಪುಸ್ತಕ ನನ್ನ ಕೈಯಲ್ಲೇ ಇದ್ದಿದ್ದರೂ ಕೊಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಹೇಳೋಣವೆಂದು ಬಾಯಿ ತೆರೆದೆ, ನಾಲಿಗೆ ಏಳಲಿಲ್ಲ. ಅದಕ್ಕೆ ಏಣಿ ಹತ್ತುವುದಕ್ಕಿಂತ ಹೆಚ್ಚು ಧೈರ್ಯ ಬೇಕು. ಅಳು ಬಂತು.

ಅವಳು ಮೊಳೆಗೆ ನೇತುಹಾಕಿದ್ದ ಗ್ರಂಥಾಲಯದ ಬೀಗದಕೈ ತೆಗೆದುಕೊಂಡಳು. "ತಪಾಸಣೆ ನಾನು ಮಾಡಿಸ್ತೀನಿ. ಅಲ್ಲೂ ಹತ್ತೋಳು ನಾನೇ ತಾನೇ!"

ಬಾಗಿಲ ಬಳಿ ತಿರುಗಿ, ಅಟ್ಟದತ್ತ ನೋಡಿ ನಿಟ್ಟುಸಿರು ಬಿಟ್ಟಳು.

"ಹಾಳು ಪುಸ್ತಕ, ಕೆಳಗಿನ ಸಾಲಲ್ಲಿ ಇದ್ದಿದ್ರೆ ಮೊದಲ್ನೇ ದಿನವೇ ತಗೊಂಡು ಬಚಾವಾಗ್ತಿದ್ದೆ!"